ನಮ್ಮತ್ತೆ ಹೊಲಿದ ಮೈಗಳು

ನಮ್ಮತ್ತೆ ಮನುಷ್ಯರ ಚರ್ಮ ಮಾರುತ್ತಾಳೆ. ದಯವಿಟ್ಟು ಪೊಲೀಸರಿಗೆ ಫೋನ್ ಮಾಡಬೇಡಿ, ಪೂರ್ತಿ ಕೇಳಿ! ಕಂಪ್ಯೂಟರಿನೊಳಗೆ ಒಂದು ಲೋಕವಿದೆ. ಅಲ್ಲಿ ಜನ ತಮ್ಮ ಬದಲು ಒಂದೊಂದು ಗೊಂಬೆಯನ್ನು ಓಡಾಡಲು ಬಿಡುತ್ತಾರೆ. ಅದಕ್ಕೆ ಅವತಾರ್ ಎಂದು ಹೆಸರು. ಅದು ಮನೆ ಕಟ್ಟುತ್ತದೆ, ಕುಣಿಯುತ್ತದೆ, ಮದುವೆಯೂ ಆಗುತ್ತದೆ. ಆದರೆ ಹುಟ್ಟುವಾಗ ಅದರ ಮೈ ಹೊಸ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಬೋಳುಬೋಳು. ಅದಕ್ಕೆ ಮೈಬಣ್ಣ, ಮಚ್ಚೆ, ಸುಕ್ಕು, ಹಚ್ಚೆ ಬರೆದುಕೊಡಲು ಯಾರಾದರೂ ಬೇಕಲ್ಲ? ಅಂಥವರಲ್ಲಿ ಒಬ್ಬಳು ಚಿನ್ನದ ಗಣಿಯ ಊರು ರಾಬರ್ಟ್‌ಸನ್‌ಪೇಟೆಯಲ್ಲಿ ಬ್ಲೌಸ್ ಹೊಲಿಯುವ ನಮ್ಮ ಸೋದರತ್ತೆ!

ಬಂಗಾರಪೇಟೆಯಲ್ಲಿ ನನಗೊಂದು ಮೊಬೈಲ್ ರಿಪೇರಿ ಅಂಗಡಿಯಿದೆ. ಅಲ್ಲಿದ್ದ ಹಳೇ ಕಂಪ್ಯೂಟರೊಂದನ್ನು, ಬ್ಲೌಸಿನ ಹೊಸ ಡಿಸೈನ್ ನೋಡಿಕೊಳ್ಳಲಿ ಎಂದು ಅತ್ತೆಗೆ ಕೊಟ್ಟೆ. ಬ್ಲೌಸಿನ ಕತ್ತಿನ ಡಿಸೈನ್ ಹುಡುಕಲು ಹೋದವಳು ಕತ್ತಿನ ಮೇಲಿನ ಹಚ್ಚೆಗೆ ಬಂದಳು, ಅಲ್ಲಿಂದ ಈ ಲೋಕಕ್ಕೆ ಜಾರಿದಳು. ಗೊಂಬೆಯ ಚರ್ಮವನ್ನು ಬಿಚ್ಚಿ ಹಾಸಿದ ಚಿತ್ರ ನೋಡಿ ನಾನು ಕಕ್ಕಾಬಿಕ್ಕಿಯಾದೆ. ಅತ್ತೆ ಮಾತ್ರ ನಕ್ಕಳು.

"ಇದ್ರಾಗೇನೈತ್ಲಾ? ಮುಂಭಾಗ, ಬೆನ್ನು, ಎಲ್ಡು ತೋಳು. ಕಟಿಂಗ್ ಮಾಡಿಕ್ಕಿದ್ದಾರೆ. ಸೇರ್ಸಿ ಒಲಿದ್ರೆ ಮನುಸ!"

ಬೇರೆಯವರು ಬರೆದ ಹಾವಿನ ಬಾಲ ಪಕ್ಕೆಯ ಹೊಲಿಗೆಯಲ್ಲಿ ತುಂಡಾಗುತ್ತದಂತೆ. ಚೌಕಳಿ ಬಟ್ಟೆಯ ಗೆರೆಗಳನ್ನು ಕಂಕುಳಲ್ಲಿ ಕೂಡಿಸುವವಳಿಗೆ ಹಾವು ಯಾವ ಲೆಕ್ಕ?

ಅಲ್ಲಿಂದ ಶುರುವಾಯಿತು ನೋಡಿ ಅವಳ ಹುಚ್ಚು! ಅತ್ತೆ ಮನುಷ್ಯರ ಮುಖ ನೋಡುವುದನ್ನೇ ಬಿಟ್ಟು ಬರೀ ಚರ್ಮ ನೋಡತೊಡಗಿದಳು. ಮಾರಿಕುಪ್ಪಂ ರೈಲಿನಲ್ಲಿ ಒಮ್ಮೆ ಎದುರಿಗೆ ಕೂತವನಿಗೆ, "ಅಪ್ಪಾ, ವಸಿ ಕೈ ತೋರ್ಸು" ಎಂದಳು. ಅವನು ಭಕ್ತಿಯಿಂದ ಅಂಗೈ ಚಾಚಿ, "ಮನೆ ಕಟ್ಟೋ ಯೋಗ ಐತಾ ತಾಯಿ?" ಎಂದ.

"ಅದೆಲ್ಲ ನಂಗೊತ್ತಿಲ್ಲ. ಮೊಣಕೈ ತಿರುಗ್ಸು."

ಅವನ ಮೊಣಕೈಯನ್ನು ಬೇಳೆ ಆರಿಸುವವಳಂತೆ ನೋಡಿ, ಫೋಟೋ ತೆಗೆದು, "ಒಳ್ಳೆ ಮೊಣಕೈ" ಎಂದಳು. ಪುಣ್ಯಾತ್ಮ ಬಂಗಾರಪೇಟೆಯಲ್ಲಿ ಇಳಿಯುವಾಗ, ಮನೆಯ ಪಾಯ ತೆಗೆದಷ್ಟೇ ಖುಷಿಯಲ್ಲಿದ್ದ!

ಇನ್ನು ಗಿರಾಕಿಗಳ ಗೋಳು ಬೇರೆ. ಯಾವುದೋ ದೇಶದವನೊಬ್ಬ ಬೆನ್ನು ತುಂಬ ಹಚ್ಚೆ ಇರುವ ಚರ್ಮ ಕೊಂಡ. ಮಾರನೆಯ ದಿನವೇ ದೂರು: ಎಡಗೆನ್ನೆಯ ಮೇಲೆ ಒಂದು ಕಪ್ಪು ಚುಕ್ಕೆಯಿದೆ, ತೆಗೆಯಿರಿ. ಅತ್ತೆಯನ್ನು ಕೇಳಿದೆ.

"ದೃಷ್ಟಿ ಬೊಟ್ಟು ಕಣ್ಲಾ! ಅಷ್ಟು ಲಕ್ಷಣವಾಗವ್ನೆ, ಅಂಗೇ ಬೀದಿಗೆ ಕಳ್ಸಕ್ಕಾಯ್ತದಾ? ಯಾರ್ ಕಣ್ಣಾದ್ರೂ ಬಿದ್ರೆ?"

ಇದನ್ನು ಇಂಗ್ಲಿಷಿನಲ್ಲಿ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬೆವರು ಸುರಿಸಿ ಬರೆದೆ. ಅವನು ತಕ್ಷಣ ಉತ್ತರಿಸಿದ: ಹಾಗಾದರೆ ಇನ್ನೂ ಸ್ವಲ್ಪ ದೊಡ್ಡದಾಗಿ ಇಟ್ಟುಕೊಡಿ!

ಇಷ್ಟೆಲ್ಲ ಮೈಗಳನ್ನು ಮಾರುವ ಅತ್ತೆ ಒಂದು ಮೈಯನ್ನು ಮಾತ್ರ ಮಾರಾಟಕ್ಕಿಟ್ಟಿಲ್ಲ. ಅದು ನಮ್ಮ ಮಾವನದು. ಮಾವ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದವರು. ಗಣಿ ಮುಚ್ಚಿದ ಮೇಲೆ ಬಹಳ ಕಾಲ ಕೆಮ್ಮಿದರು, ಆಮೇಲೆ ಹೋಗಿಬಿಟ್ಟರು. ಅವರ ಮೈಯನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕೆಂದು ಅತ್ತೆಯ ಹಟ. ಬರೆಯುತ್ತಾಳೆ, ಅಳಿಸುತ್ತಾಳೆ. ಇರುವುದೊಂದೇ ಫೋಟೋ, ಅದರಲ್ಲೂ ತುಂಬುತೋಳಿನ ಅಂಗಿ. ಮುಖವನ್ನಾದರೂ ನಂಬೋಣವೆಂದರೆ ಸ್ಟುಡಿಯೋದವನು ಪೌಡರ್ ಬಳಿದು ಮಾವನನ್ನು ಇಡ್ಲಿ ಮಾಡಿಟ್ಟಿದ್ದಾನೆ!

"ನಿಮ್ ಮಾವನ ಬೆನ್ನು ಜ್ಞಾಪಕ ಐತೇನ್ಲಾ?" ಎಂದು ಒಂದು ದಿನ ಕೇಳಿದಳು.

"ಬೆನ್ನನ್ನ ಯಾರು ಜ್ಞಾಪಕ ಇಟ್ಕೊಳ್ತಾರೆ ಅತ್ತೆ?"

"ನಿಂಗೇನು ಗೊತ್ತು, ಓಗಲಾ" ಎಂದು ಸಿಡುಕಿದಳು. ಆಮೇಲೆ ಮೆಲ್ಲಗೆ, "ನಂಗೂ ಒಂದೊಂದಾಗಿ ಮರ್ತೋಯ್ತಾ ಐತೆ" ಎಂದಳು. ಆಗ ನನಗೆ ಅರ್ಥವಾಯಿತು. ಅತ್ತೆಗೆ ಮಾವ ಬೇಕಾಗಿದ್ದಾರೆ, ಅಷ್ಟೇ. ಇದ್ದಾಗ ದಿನಾ ಜಗಳವಾಡಿದವರೇ ಹೋದ ಮೇಲೆ ಹೆಚ್ಚು ಬೇಕಾಗುತ್ತಾರೋ ಏನೋ.

ಹಾಗಂತ ಸುಮ್ಮನೆ ಅಳುತ್ತ ಕೂರುವ ಜಾತಿಯೇ ಅವಳು? ನನ್ನನ್ನೂ ಎಳೆದುಕೊಂಡು ಗಣಿ ಕಾರ್ಮಿಕರ ಕಾಲೊನಿ ಕೋರಮಂಡಲ್‌ಗೆ ಹೊರಟಳು. ಟೀ ಅಂಗಡಿಯಲ್ಲಿ ಮಾವನ ಜೊತೆ ಗಣಿಗೆ ಇಳಿಯುತ್ತಿದ್ದ ಹಿರಿಯರೊಬ್ಬರು ಕೂತಿದ್ದರು. ಕ್ಷೇಮಸಮಾಚಾರ ಏನೂ ಇಲ್ಲ, ನೇರವಾಗಿ, "ಅಣ್ಣಾ, ಒಂದ್ ಕಿತ ಅಂಗಿ ಬಿಚ್ಚು" ಎಂದಳು. ನಾನು ಟೀ ಲೋಟದಲ್ಲಿ ಮುಖ ಮುಚ್ಚಿಕೊಂಡೆ.

"ಇದೆನ್ನ ವಂಬು, ಇದೇನ್ ತಂಟೆ ಅಕ್ಕಾ! ನಮ್ ಮನೇವ್ಳು ಕಂಡ್ರೆ ಇವತ್ತು ಊಟಕ್ಕೆ ಸೋರು ಆಕಲ್ಲ!" ಎಂದರು ಅವರು, ಗಾಬರಿಯಲ್ಲಿ ತಮಿಳು ಕನ್ನಡ ಎಲ್ಲ ಕಲಸಿ. ಆದರೂ ಬಿಚ್ಚಿದರು. ಬೆನ್ನ ತುಂಬ ಸಣ್ಣ ನೀಲಿ ಚುಕ್ಕೆಗಳು. ಬಂಡೆ ಸಿಡಿದಾಗ ಚೂರು ಹೊಕ್ಕು, ಗಾಯ ಮಾಗಿ, ಒಳಗೇ ಉಳಿದ ಕಲ್ಲಿನ ಪುಡಿ. ಅತ್ತೆ ಫೋಟೋ ತೆಗೆಯಲೇ ಇಲ್ಲ. "ಇಂಗೇ ಇತ್ತು ಅವರ್ದೂ" ಎಂದಳು.

ಕಳೆದ ಭಾನುವಾರ ಮಧ್ಯಾಹ್ನ ಹೋದಾಗ ಪರದೆಯ ಮೇಲೆ ಮಾವ ನಿಂತಿದ್ದರು. ಅದೇ ಕಂದುಬಣ್ಣ, ಬೆನ್ನಿಗೆ ಅವೇ ನೀಲಿ ಚುಕ್ಕೆಗಳು, ತೋಳಿನ ಮೇಲೆ ಸಿಡುಬಿನ ಚುಚ್ಚುಮದ್ದಿನ ಗುರುತು. ಅತ್ತೆ ಅವರ ಮುಂಗೈ ಮೇಲೆ ಹಸಿರು ಚುಕ್ಕೆಗಳನ್ನಿಡುತ್ತಿದ್ದಳು. ಬರೆಯುತ್ತಿದ್ದದ್ದು ತನ್ನ ಹೆಸರು.

ಮಾವನ ಹೆಸರು ಅವಳ ಕೈಮೇಲೆ ಮದುವೆಯಾದಾಗಿನಿಂದ ಇದೆ. ಅವಳ ಹೆಸರು ಅವರ ಕೈಮೇಲೆ ಬರಲೇ ಇಲ್ಲ. ಪಾತಾಳಕ್ಕೆ ಇಳಿಯಲು ಹೆದರದ ಮಾವ, ಹಚ್ಚೆಯವಳು ಬೀದಿಗೆ ಬಂದರೆ ಹಿತ್ತಲ ಗೋಡೆ ಹಾರಿ ಓಡುತ್ತಿದ್ದರಂತೆ!

"ಸತ್ತಾಗ ಒಡವೆ ಆದ್ರೆ ಬಿಚ್ಕೊಂಡು ಕಳುಸ್ತಾರೆ, ಹಚ್ಚೆ ಒಂದೇ ಕಣ್ಲಾ ಜತೇಲಿ ಓಗೋದು. ಇವ್ರು ಬರಿಗೈಯಾಗೆ ಓಗ್ಬಿಟ್ರು. ಯಾರೋನು ನೀನು ಅಂತ ಅಲ್ಲಿ ಕೇಳಿದ್ರೆ, ಏನ್ ತೋರುಸ್ತಾರೆ?"

ನಾನು ಮಾತು ತಿರುಗಿಸಿ, "ಅತ್ತೆ, ಹೆಸರು ಟೈಪ್ ಮಾಡಿ ಒಂದೇ ಸಲಕ್ಕೆ ಅಂಟಿಸಬಹುದು, ಒಂದೊಂದೇ ಚುಕ್ಕೆ ಯಾಕೆ?" ಎಂದೆ.

ಅತ್ತೆ ಒಂದು ಚುಕ್ಕೆ ಇಟ್ಟಳು, ಪರದೆಗೆ ಮುಖ ತಂದು ಉಫ್ ಎಂದು ಊದಿದಳು. ಇನ್ನೊಂದು ಇಟ್ಟು ಮತ್ತೆ ಊದಿದಳು.

"ಆಯ್ತು, ಆಯ್ತು. ಇನ್ನೊಂದೇ ಅಕ್ಷರ" ಎಂದಳು ಮಾವನಿಗೆ. "ಕೈ ಎಳ್ಕೋಬ್ಯಾಡಿ."