ಚೆಂಡಿಲ್ಲದ ಕಡೆ ನೋಡುತ್ತಿದ್ದ ಮಾವ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ನಮ್ಮ ಸೋದರಮಾವ ಓದನ್ನು ಶುರುವೇ ಮಾಡಿರಲಿಲ್ಲ. ಆದರೂ ಕೋಲಾರದ ಕಾಲೇಜು ಹುಡುಗರಲ್ಲಿ ಯಾರು ಮೇಲು ಎಂದು ತೀರ್ಪು ಕೊಡುತ್ತಿದ್ದವರು ಅವರೇ! ಅದೂ ಯಾವುದರಲ್ಲಿ? ಫುಟ್‌ಬಾಲಿನಲ್ಲಿ. ವರ್ಷದ ಉತ್ತಮ ಆಟಗಾರನಿಗೆ ಅವರ ಕೈಯಿಂದಲೇ ಒಂದು ಬೆಳ್ಳಿ ಲೋಟ. ಫುಟ್‌ಬಾಲಿನ ಬಗ್ಗೆ ಅವರಿಗೇನು ಗೊತ್ತಿತ್ತು ಎಂದು ಕೇಳುತ್ತೀರಾ? ಚೆಂಡು ಗುಂಡಗಿರುತ್ತದೆ ಎಂದು ಗೊತ್ತಿತ್ತು. ಅದಕ್ಕಿಂತ ಮುಂದಕ್ಕೆ ತಿಳಿದುಕೊಳ್ಳುವ ಅಗತ್ಯ ಅವರಿಗೆ ಕೊನೆಯವರೆಗೂ ಕಾಣಲಿಲ್ಲ.

ಮಾವನ ಊರು ಶ್ರೀನಿವಾಸಪುರದಿಂದ ಆಚೆ, ರಾಯಲ್ಪಾಡಿನ ಹತ್ತಿರ. ಕನ್ನಡದಲ್ಲಿ ಶುರುವಾದ ಅವರ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಬೈಗುಳ ಮಾತ್ರ ಎರಡರಲ್ಲೂ ಸಮನಾಗಿ ಬರುತ್ತಿತ್ತು. ಕಸುಬು ರೇಷ್ಮೆ ಗೂಡಿನ ವ್ಯಾಪಾರ. ಗೂಡಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತರೆ, ರೈತ ಮೇಲುಗಡೆ ಜೋಡಿಸಿಟ್ಟ ಚೆಂದದ ಗೂಡುಗಳ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಮೊಣಕೈವರೆಗೆ ತೋಳನ್ನು ರಾಶಿಯೊಳಕ್ಕೆ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು, ಅದರಲ್ಲೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಗಟ್ಟಿಯಾಗಿ ಸದ್ದು ಮಾಡಿದರೆ ಮಾತ್ರ ವ್ಯಾಪಾರದ ಮಾತು.

ಇಷ್ಟು ಗೂಡಿಗೆ ಮಾತ್ರ ಆಗಿದ್ದರೆ ಚಿಂತೆಯಿರಲಿಲ್ಲ. ಮಾವ ಲೋಕವನ್ನೆಲ್ಲ ಹೀಗೇ ತಳದಿಂದ ನೋಡುತ್ತಿದ್ದರು. ಮಗಳಿಗೆ ಗಂಡು ನೋಡಲು ನನ್ನನ್ನೂ ಕರೆದುಕೊಂಡು ಮಾಲೂರಿನ ಹತ್ತಿರ ಒಂದು ಮನೆಗೆ ಹೋದವರು ನಡುಮನೆಯಲ್ಲಿ ಸಿಂಗರಿಸಿಕೊಂಡು ಕೂತಿದ್ದ ಗಂಡನ್ನು ಬಿಟ್ಟು ಹಿತ್ತಲು ನೋಡಿಕೊಂಡು ಬಂದರು! “ದನಕ್ಕೆ ಬೆಳಿಗ್ಗೆಯಿಂದ ನೀರಿಟ್ಟಿಲ್ಲ. ಬ್ಯಾಡ,” ಎಂದರು. ಕೇಸರಿಬಾತು ತಟ್ಟೆಯಲ್ಲೇ ಉಳಿಯಿತು. ಅದರ ಬೇಸರ ನನಗೆ ಇವತ್ತಿಗೂ ಇದೆ.

ಇಂಥವರಿಗೆ ಫುಟ್‌ಬಾಲು ಗಂಟು ಬಿದ್ದದ್ದು ಹೇಗೆ? ಒಂದು ಸಾಯಂಕಾಲ ಗೂಡಿನ ಮಂಕರಿ ಪಕ್ಕದಲ್ಲಿಟ್ಟುಕೊಂಡು ಕಾಲೇಜು ಮೈದಾನದ ಅಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದರಂತೆ. ಮೈದಾನದಿಂದ ಹಾರಿ ಬಂದ ಚೆಂಡು ನೇರವಾಗಿ ಮಂಕರಿಯೊಳಗೆ ಇಳಿಯಿತು. ಗೂಡೆಲ್ಲ ಚೆಲ್ಲಾಪಿಲ್ಲಿ. ಹತ್ತು ಹುಡುಗರು ಚೆಂಡು ಎತ್ತಿಕೊಂಡು ಓಡಿಹೋದರು. ಹನ್ನೊಂದನೆಯವನು ಮಾತ್ರ ಕೂತು, ರಸ್ತೆಯಲ್ಲಿ ಉರುಳಿದ ಗೂಡನ್ನೆಲ್ಲ ಒಂದೊಂದಾಗಿ ಆರಿಸಿ ಮಂಕರಿಗೆ ಹಾಕಿದ. ಮಾವ ಮನೆಗೆಂದು ಆವತ್ತೇ ಕೊಂಡಿದ್ದ ಬೆಳ್ಳಿ ಲೋಟವನ್ನು ಅವನ ಕೈಗೆ ಕೊಟ್ಟು, “ನೀನೇ ಕಣಪ್ಪಾ ಆಟಗಾರ!” ಎಂದರು. ಆ ಹುಡುಗ ಆವತ್ತು ಆಟಕ್ಕೇ ಇಳಿದಿರಲಿಲ್ಲ, ಬದಲಿಗೆಂದು ಕೂರಿಸಿದ್ದರು ಎಂದು ಆಮೇಲೆ ತಿಳಿಯಿತು. ಮಾವನಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಸುದ್ದಿ ಪ್ರಿನ್ಸಿಪಾಲರಿಗೆ ಮುಟ್ಟಿತು. ಪ್ರತಿ ವರ್ಷ ಬಿಟ್ಟಿ ಬೆಳ್ಳಿ ಸಿಗುವುದಾದರೆ ಯಾರು ಬೇಡ ಎನ್ನುತ್ತಾರೆ? ಕರಾರು ಒಂದೇ: ಲೋಟ ಮಾವನದು, ಆಯ್ಕೆಯೂ ಮಾವನದು.

ಇನ್ನು ನನ್ನ ತಮ್ಮನ ವಿಷಯ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರಲ್ಲಿ ಒಬ್ಬ ಮಾತ್ರ ಓದಬಹುದು ಎಂದಾಯಿತು. ಯಾರೂ ನನ್ನನ್ನು ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಇವತ್ತಿಗೂ ತಲೆಯೆತ್ತಿಯೇ ಹೇಳುತ್ತೇನೆ. ಮೊದಲು ಇನ್ನೊಬ್ಬರ ಸೈಕಲ್ ಶಾಪಿನಲ್ಲಿ ಪಂಪು ಹೊಡೆದೆ. ಆಮೇಲೆ ಕಾಲೇಜು ಮೈದಾನದ ಎದುರಿಗೇ ತಗಡಿನ ಚಾವಣಿ ಹಾಕಿ ಸ್ವಂತ ಶಾಪು ತೆಗೆದೆ. ಸೈಕಲ್ ಬಾಡಿಗೆ, ಪಂಚರ್ ಕೆಲಸ. ಕಾಲೇಜಿನ ಫುಟ್‌ಬಾಲಿಗೂ ನಾನೇ ಡಾಕ್ಟರು! ಆಗಿನ ಚೆಂಡು ಈಗಿನಂತಲ್ಲ. ಮೇಲೆ ಚರ್ಮ, ಒಳಗೆ ರಬ್ಬರಿನ ಬ್ಲಾಡರು, ಬಾಯಿಗೆ ಬೂಟಿನ ಹಾಗೆ ಲಾಡಿ. ವಾರಕ್ಕೊಂದು ಸಲವಾದರೂ ಅದರ ಉಸಿರು ನನ್ನ ಶಾಪಿನಲ್ಲೇ ತಿರುಗಿ ಬರಬೇಕು.

ಎಪ್ಪತ್ತೊಂಬತ್ತರಲ್ಲಿ ತಮ್ಮ ಆ ಕಾಲೇಜು ಸೇರಿದ. ಅವನ ಕಾಲಿಗೆ ಚೆಂಡು ಸಿಕ್ಕಿದರೆ ಗೋಲು ಎಂದೇ ಲೆಕ್ಕ. ಬೆಂಗಳೂರಿನ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ಆಡುವ ಹುಡುಗರನ್ನು ಕೆಲಸ ಕೊಟ್ಟೇ ಸೇರಿಸಿಕೊಳ್ಳುತ್ತಿದ್ದರು. ಅವರಿಗೆ ಬೇಕಾದ ಕಾಗದ ಒಂದೇ: ‘ವರ್ಷದ ಉತ್ತಮ ಆಟಗಾರ’ ಎಂದು ಪ್ರಿನ್ಸಿಪಾಲರ ಸಹಿ, ಮೊಹರು. ಆ ಕಾಗದ ಬರುತ್ತಿದ್ದುದು ಲೋಟದ ಜೊತೆಗೆ. ಲೋಟ ಮಾವನ ಕೈಯಲ್ಲಿ. ಮಾವ ಅಮ್ಮನ ಒಡಹುಟ್ಟಿದ ಅಣ್ಣ. ಇನ್ನೇನು ಬೇಕು, ಕೆಲಸ ಸಿಕ್ಕಂತೆಯೇ ಎಂದುಕೊಂಡೆವು. ನಮ್ಮ ದಡ್ಡತನಕ್ಕೆ ಏನು ಹೇಳಲಿ!

ಮೊದಲನೆಯ ವರ್ಷ ಮುಳಬಾಗಿಲು ಕಡೆಯ ತಂಡದ ಮೇಲೆ ತಮ್ಮ ಒಬ್ಬನೇ ಐದು ಗೋಲು ಹೊಡೆದ. ಮಾವ ಛತ್ರಿ ಬಿಡಿಸಿಕೊಂಡು, ಕುರ್ಚಿಯನ್ನು ಉಲ್ಟಾ ತಿರುಗಿಸಿ, ಚೆಂಡು ಈ ಕಡೆಯಿದ್ದರೆ ಆ ಕಡೆ ನೋಡುತ್ತಾ ಕೂತಿದ್ದರು.

“ಮಾವ, ಆಟ ಇಲ್ಲಿ ನಡೀತಾ ಐತೆ!” ಎಂದೆ.

“ಚೆಂಡಿರೋ ಕಡೆ ಊರೆಲ್ಲಾ ನೋಡ್ತಾ ಐತಲ್ಲೋ. ಇಲ್ಲದಿರೋ ಕಡೆ ನೋಡಕ್ಕೆ ಒಬ್ಬನಾದ್ರೂ ಬ್ಯಾಡ್ವಾ?”

ಆಟ ಮುಗಿದ ಮೇಲೆ ಬೆವರು ಸುರಿಯುತ್ತಿದ್ದ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬನ ಎದೆಗೂ ಕಿವಿಯಿಟ್ಟು ಕೇಳಿದರು. ಗೂಡಿನ ಹಾಗೆ ಅಲ್ಲಾಡಿಸುವುದೊಂದು ಬಾಕಿ! ಲೋಟ ಯಾರಿಗೆ ಹೋಯಿತು? ಐದು ಗೋಲು ಬಿಟ್ಟುಕೊಟ್ಟ ಮುಳಬಾಗಿಲಿನ ಗೋಲ್‌ಕೀಪರನಿಗೆ!

“ಐದು ಸಲ ಬಿದ್ದೋನು ಆರನೇ ಸಲಾನೂ ಹಾರ್ದ ಕಣೋ,” ಎಂದರು ಮಾವ. “ಒಬ್ಬನ್ನೂ ಬೈಲಿಲ್ಲ. ಪ್ರತಿ ಸಲಾನೂ ಬೇಲಿಯಾಚೆ ಹೋಗಿ ತಾನೇ ಚೆಂಡು ತಂದುಕೊಟ್ಟ. ಗೋಲು ಹೊಡೆದೋನಿಗೆ ಗೋಲೇ ಬಹುಮಾನ. ಇವನಿಗೆ ಏನೈತೆ, ಪಾಪಂ?”

ಎರಡನೆಯ ವರ್ಷ ಲೋಟ ನಮ್ಮ ಕಾಲೇಜಿಗೇ ಬಂತು. ಬಂದದ್ದು ಮಾತ್ರ ಇಡೀ ಆಟದಲ್ಲಿ ಚೆಂಡನ್ನು ನಾಲ್ಕು ಸಲವೂ ಮುಟ್ಟದ ಒಬ್ಬ ಹುಡುಗನಿಗೆ! ಯಾರಾದರೂ ಮುಂದಕ್ಕೆ ಓಡಿದರೆ ಅವರು ಬಿಟ್ಟ ಜಾಗಕ್ಕೆ ಅವನು ಹೋಗಿ ನಿಲ್ಲುತ್ತಿದ್ದನಂತೆ. ಅದೇ ಅವನ ಸಾಧನೆ. ಅಮ್ಮ ಕೆಂಡವಾದರು. ಆವತ್ತು ಊಟಕ್ಕೆ ಕೂತ ಅಣ್ಣನ ತಟ್ಟೆಗೆ ಮುದ್ದೆ ಇಟ್ಟರು, ಸಾರು ಬಡಿಸಲಿಲ್ಲ!

“ನಿನ್ನ ಅಳಿಯನ ಬಾಳು ಅಣ್ಣಯ್ಯ. ಒಂದು ಲೋಟ ಕೊಟ್ಟರೆ ನಿನ್ನ ಗಂಟೇನು ಹೋಗ್ತಿತ್ತು?”

ಮಾವ ಬರೀ ಮುದ್ದೆ ಮುರಿದು ಬಾಯಿಗಿಟ್ಟು ನಿಧಾನವಾಗಿ ನುಂಗಿದರು. “ಮುದ್ದೆ ಭಾಳ ಚೆನ್ನಾಗಿ ಬಂದೈತಮ್ಮಾ. ಸಾರು ಹಾಕಿದ್ದಿದ್ರೆ ಇದರ ರುಚಿ ಗೊತ್ತೇ ಆಗ್ತಿರಲಿಲ್ಲ.”

ಇಂಥವರ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ಹೊತ್ತು ಇರುವುದು?

ಕೋಲಾರಕ್ಕೆ ಬಂದಾಗಲೆಲ್ಲ ಮಾವ ನನ್ನ ಶಾಪಿನ ಎಣ್ಣೆ ಡಬ್ಬದ ಮೇಲೆ ಕೂರುತ್ತಿದ್ದರು. ಕಾಲೇಜಿನ ಚೆಂಡು ರಿಪೇರಿಗೆ ಬಂದಿದ್ದರೆ ತಪ್ಪದೆ ಒಂದು ಪ್ರಶ್ನೆ: “ಇದನ್ನ ಯಾರು ತಂದಿದ್ದು?”

“ಕಾಲೇಜಿನ ಜವಾನ.”

“ನಿನ್ನ ತಮ್ಮ ಯಾಕೆ ತರಲ್ಲ?”

“ಓದೋ ಹುಡುಗ ಮಾವ. ಅವನಿಗೆಲ್ಲಿ ಪುರುಸೊತ್ತು?”

“ಸರ್ಲೆ,” ಎಂದು ಮಾವ ಬೀಡಿ ಹಚ್ಚುತ್ತಿದ್ದರು. ಇದೂ ಅವರ ತಿಕ್ಕಲುಗಳಲ್ಲಿ ಒಂದು ಎಂದು ನಾನು ಪಂಪು ಹೊಡೆಯುತ್ತಿದ್ದೆ.

ಎಂಬತ್ತೆರಡು, ತಮ್ಮನ ಕೊನೆಯ ವರ್ಷ. ಈ ಸಲ ತಪ್ಪಿದರೆ ಕಾರ್ಖಾನೆಯೂ ತಪ್ಪಿದಂತೆ. ಫೈನಲ್ಲಿನ ದಿನ ಬೆಳಿಗ್ಗೆ ಮಾವನನ್ನು ತಡೆದು ನಿಲ್ಲಿಸಿ ಹೇಳಿಯೇಬಿಟ್ಟೆ:

“ಈ ವರ್ಷವೂ ಅವನಿಗೆ ಕೊಡದೇ ಹೋದ್ರೆ, ನನ್ನ ಶಾಪಿನ ಮೆಟ್ಟಿಲು ಹತ್ತಬೇಡಿ ಮಾವ!”

ಮಾವ ಶಾಪನ್ನು ಮೇಲಿಂದ ಕೆಳಗೆ ನೋಡಿದರು. “ಇದಕ್ಕೆ ಮೆಟ್ಟಿಲೆಲ್ಲೋ ಐತೆ?”

ಆಟ ಅರ್ಧ ಮುಗಿದಿತ್ತು. ಎರಡು ಕಡೆಯೂ ಗೋಲಿಲ್ಲ. ಚೆಂಡು ಬೇಲಿಯ ಮುಳ್ಳುತಂತಿಗೆ ಬಡಿದು ಬುಸ್ಸೆಂದಿತು. ಇದ್ದ ಇನ್ನೊಂದು ಚೆಂಡಿನ ಹೊಲಿಗೆ ಹಿಂದಿನ ದಿನವೇ ಬಿಟ್ಟುಹೋಗಿತ್ತು. ರೆಫರಿ ಸೀಟಿ ಊದಿ ನನ್ನ ಶಾಪಿನ ಕಡೆ ಕೈ ಮಾಡಿದ. ನಾನು ಸೊಲ್ಯೂಷನ್ನು, ರಬ್ಬರು, ಕತ್ತರಿ, ನೀರಿನ ಬೋಗುಣಿ ಎಲ್ಲ ಎತ್ತಿಕೊಂಡು ಮೈದಾನದ ನಟ್ಟನಡುವಿಗೆ ಓಡಿದೆ. ಖಾಕಿ ಚಡ್ಡಿ, ಮೊಣಕೈವರೆಗೆ ಗ್ರೀಸು. ಸುತ್ತ ನಿಂತಿದ್ದ ಜನರಿಗೆ ಇದಕ್ಕಿಂತ ಮಜಾ ಬೇಕೆ? “ಪಂಚರ್! ಪಂಚರ್!” ಎಂದು ಚಪ್ಪಾಳೆ ತಟ್ಟಿ ಕೂಗಿದರು. ತಮ್ಮನ ತಂಡದ ಕ್ಯಾಪ್ಟನ್ ನನ್ನ ನೆತ್ತಿಯ ಮೇಲೇ ಬಂದು ನಿಂತು, “ಏಯ್ ಪಂಚರ್, ಬೇಗ ಹಾಕಯ್ಯ!” ಎಂದ.

ನಾನು ಲಾಡಿ ಬಿಚ್ಚುತ್ತಿದ್ದೆ. ನನಗೆ ಅಭ್ಯಾಸವಾದ ಮಾತು. ಕೆಲಸ ಮಾಡುವವನಿಗೆ ಕೆಲಸದ ಹೆಸರಿಟ್ಟರೆ ನಷ್ಟವೇನು? ಅಷ್ಟರಲ್ಲಿ ಆ ಕೊನೆಯಿಂದ ತಮ್ಮ ಓಡಿಬಂದು ಎದುರಿಗೆ ಮಂಡಿಯೂರಿದ. ಬ್ಲಾಡರು ನನ್ನ ಕೈಯಿಂದ ತೆಗೆದುಕೊಂಡು, ತೂತು ಹುಡುಕಲು ತಾನೇ ಬಾಯಿಟ್ಟು ಗಾಳಿ ಊದಿ, ಬೋಗುಣಿಯ ನೀರಿನಲ್ಲಿ ಅದುಮಿ ಹಿಡಿದ. ಆಮೇಲೆ ತಲೆಯೆತ್ತದೆ ಹೇಳಿದ:

“ಪಂಚರ್ ಅನ್ನಬೇಡ. ಅಣ್ಣಾ ಅನ್ನು. ನಮ್ಮಣ್ಣ ಇವನು.”

ಕ್ಯಾಪ್ಟನ್ ಬೆಪ್ಪಾದ. “ನಿಮ್ಮಣ್ಣಾನಾ? ಮೂರು ವರ್ಷದಿಂದ ಯಾರೋ ನಮ್ಮೂರೋನು ಅಂತಿದ್ದೆ?”

“ಸುಳ್ಳು ಹೇಳಿದ್ದೆ.”

ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ನಾನು ಗುಳ್ಳೆಗಳನ್ನೇ ನೋಡಿದೆ. ಬೇರೆ ಎಲ್ಲಿ ನೋಡುವುದೋ ತಿಳಿಯಲಿಲ್ಲ. ಎಷ್ಟೋ ಸಾವಿರ ಪಂಚರ್ ಹಾಕಿದ ಕೈ, ಆವತ್ತು ಸೊಲ್ಯೂಷನ್ನನ್ನು ರಬ್ಬರಿಗೆ ಹಚ್ಚುವುದು ಬಿಟ್ಟು ಹೆಬ್ಬೆರಳಿಗೆ ಬಳಿದುಕೊಂಡಿತು. “ಅಣ್ಣಾ, ಬೆರಳು,” ಎಂದ ತಮ್ಮ. “ಗೊತ್ತು, ಸುಮ್ಮನೆ ಹಿಡ್ಕೋ,” ಎಂದೆ.

ಆಮೇಲೆ ತಮ್ಮ ಆಡಿದ ಆಟವನ್ನು ಹೇಳದಿರುವುದೇ ಮರ್ಯಾದೆ. ಗೋಲ್‌ಕೀಪರ್ ಕೂಡ ಇಲ್ಲದ ಗೋಲಿಗೆ ಗುರಿಯಿಟ್ಟು ನನ್ನ ಶಾಪಿನ ತಗಡಿಗೆ ಹೊಡೆದ! ನಮ್ಮವರು ಒಂದು ಗೋಲಿನಿಂದ ಸೋತರು. ಜನ ಬೈದು ಬೈದು ಸುಸ್ತಾದರು. ನಾನು ಮನಸ್ಸಿನಲ್ಲೇ ಕಾರ್ಖಾನೆಗೆ ಕೈಮುಗಿದುಬಿಟ್ಟೆ. ಐದು ಗೋಲು ಹೊಡೆದ ವರ್ಷ ಸಿಗದ ಲೋಟ ಈಗ ಸಿಗುತ್ತದೆಯೇ?

ಮಾವ ಪಂಚೆ ಸರಿಮಾಡಿಕೊಂಡು ಮೈಕಿನ ಮುಂದೆ ಬಂದು, ತಮ್ಮನ ಕಡೆ ಛತ್ರಿ ತೋರಿಸಿದರು.

ಮೈದಾನವೇ ಗೊಳ್ಳೆಂದಿತು. “ಅಳಿಯ ಅಂತ ಕೊಟ್ಟ!” ಎಂದು ಯಾರೋ ಕೂಗಿದರು. ಪ್ರಿನ್ಸಿಪಾಲರು ಬೆವರು ಒರೆಸಿಕೊಳ್ಳುತ್ತಾ, “ಕಾರಣ ಹೇಳಿಬಿಡಿ ಯಜಮಾನರೇ,” ಎಂದರು.

“ಬ್ಲಾಡರ್ ಸರಿಯಾಗಿ ಹಿಡ್ಕೊಂಡ,” ಎಂದರು ಮಾವ. ಅಷ್ಟೇ. ಬಂದು ಕೂತರು. ಊರು ಒಂದು ತಿಂಗಳು ಅದನ್ನೇ ಹೇಳಿಕೊಂಡು ನಕ್ಕಿತು.

ಸಾಯಂಕಾಲ ಮಾವ ಶಾಪಿಗೆ ಬಂದು ಎಂದಿನಂತೆ ಎಣ್ಣೆ ಡಬ್ಬದ ಮೇಲೆ ಕೂತರು. ನಾನು ಕೇಳಿದೆ.

“ಅವನು ನನ್ನನ್ನ ಯಾರೋ ಊರೋನು ಅಂತಿದ್ದದ್ದು ನಿಮಗೆ ಗೊತ್ತಿತ್ತಾ ಮಾವ?”

“ಮೊದಲನೇ ವರ್ಷಾನೇ. ನಾನು ಆ ಕಡೆ ತಿರುಗಿ ಕೂತಿದ್ದೆ, ನನ್ನ ಬೆನ್ನ ಹಿಂದೇನೇ ಗೆಳೆಯರ ಹತ್ರ ಅಂದ.”

“ಮತ್ತೆ ನನಗ್ಯಾಕೆ ಹೇಳಲಿಲ್ಲ? ಮೂರು ವರ್ಷ ಅಮ್ಮನ ಕೈಲಿ, ನನ್ನ ಕೈಲಿ ಬೈಸ್ಕೊಂಡ್ರಲ್ಲ!”

ಮಾವ ಬೀಡಿ ಹಚ್ಚಲು ಹೋದರು. ಕಡ್ಡಿ ಆರಿತು. ಇನ್ನೊಂದು ಗೀರಿದರು. ಅದೂ ಆರಿತು.

“ಆವತ್ತು ನೀನು ಅವನಿಗೆ ಹೊಸ ಬೂಟು ತಂದಿದ್ದೆ ಕಣೋ. ನೀನು ಹರಿದ ಚಪ್ಪಲಿ ಹಾಕ್ಕೊಂಡು ಬೇಲಿ ಪಕ್ಕ ನಿಂತು, ಸಿಕ್ಕಿದೋರಿಗೆಲ್ಲಾ ಆ ಬೂಟು ತೋರಿಸ್ತಿದ್ದೆ. ಹೆಂಗ್ ಹೇಳ್ಲಿ, ರಾ?”

ತಮ್ಮನಿಗೆ ಕಾರ್ಖಾನೆಯ ಕೆಲಸ ಸಿಕ್ಕಿತು. ಹೋಗುವ ದಿನ ಕಾಗದ ತೆಗೆದುಕೊಂಡ, ಲೋಟವನ್ನು ಶಾಪಿನ ಗೋಡೆಯ ಗೂಡಿನಲ್ಲಿ ಇಟ್ಟು ಹೋದ. ಮಾವ ಈಗಿಲ್ಲ. ಅವರು ಕೂರುತ್ತಿದ್ದ ಡಬ್ಬದ ಮೇಲೆ ಗಿರಾಕಿಗಳು ಕೂರುತ್ತಾರೆ. ನಾನು ಬೇಡ ಎನ್ನುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಒಂದು ಶಾಪು, ಬಾಡಿಗೆಗೆ ಹದಿನಾಲ್ಕು ಸೈಕಲ್ಲು, ಎರಡು ಪಂಪು, ಒಂದು ಎಣ್ಣೆ ಡಬ್ಬ, ಒಂದು ಬೆಳ್ಳಿ ಲೋಟ, ಒಬ್ಬ ತಮ್ಮ.