ಮುಂದಿನ ಪಟ್ಟಿಯಲ್ಲಿ ಶಂಕರಪ್ಪ

ಮುಷ್ಕರದ ಹದಿನೇಳು ದಿನಗಳ ಸಂಬಳವನ್ನು ಬ್ಯಾಂಕು ತನ್ನ ಗುಮಾಸ್ತ ಶಂಕರಪ್ಪನಿಗೆ ಇನ್ನೂ ಕೊಡಬೇಕು. ಕೊಡುವ ಲಕ್ಷಣವಿಲ್ಲ. ಅದರ ಬದಲು ಆಡಳಿತ ವರ್ಗ ಅವನಿಗೆ ಕೊಟ್ಟಿದ್ದು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ವರ್ಗಾವಣೆ. ಘೋಷಣೆ ಕೂಗಿ ಒಣಗಿದ ಗಂಟಲಿಗೆ ಸಮುದ್ರದ ಗಾಳಿ ಒಳ್ಳೆಯದು ಅಂತ ಮೇಲಿನವರು ಯಾರೋ ಯೋಚಿಸಿರಬೇಕು.

ಆಗ ಮಗಳು ಅನಸೂಯಾ ವಿಜಯವಾಡದಲ್ಲಿ ಇಂಟರ್, ಅಂದರೆ ನಮ್ಮ ಪಿಯುಸಿ, ಮೊದಲ ವರ್ಷಕ್ಕೆ ಸೇರಿದ್ದಳಷ್ಟೆ. ಓದು ಕೆಡುವುದು ಬೇಡ ಅಂತ ಹೆಂಡತಿ ಗಿರಿಜಾ ಮಗಳ ಜೊತೆ ಅಲ್ಲೇ ಉಳಿದಳು. ತಿಪಟೂರಿನಿಂದ ಮೂವರಾಗಿ ಹೊರಟು ಬಂದಿದ್ದ ಸಂಸಾರ ಹೀಗೆ ಪಾಲಾಯಿತು: ಇಬ್ಬರು ಕೃಷ್ಣಾ ನದಿಯ ದಂಡೆಗೆ, ಒಬ್ಬ ಸಮುದ್ರದ ದಂಡೆಗೆ. ಶಂಕರಪ್ಪ ಒಂದು ಕೋಣೆ ಹಿಡಿದ. ಒಂದು ಚಾಪೆ, ಒಂದು ಸೀಮೆಎಣ್ಣೆ ಸ್ಟೌ, ಒಂದು ತಟ್ಟೆ. ಮೆಸ್ಸಿನ ಹುಳಿ ಗೊಂಗೂರ ಚಟ್ನಿ ತಿಂದು ಹೊಟ್ಟೆ ಉರಿದ ದಿನ ತಾನೇ ಅನ್ನಕ್ಕಿಟ್ಟು, ಅದು ಬೇಯುವವರೆಗೆ ಅಕ್ಕಿಯ ಜೊತೆ ಮಾತಾಡುತ್ತಿದ್ದ. ಆ ಬೀದಿಯಲ್ಲಿ ಅವನ ಕನ್ನಡ ಕೇಳಿಸಿಕೊಳ್ಳುತ್ತಿದ್ದುದು ಅದೊಂದೇ.

ಎರಡು ವರ್ಷ ಹೀಗೆ ಕಳೆದು 1989ರ ಜೂನ್ ಬಂತು. ಅನಸೂಯಾ ಇಂಟರ್ ಪಾಸಾದಳು. ಶಂಕರಪ್ಪನ ಲೆಕ್ಕ ಸರಳವಾಗಿತ್ತು. ಮಗಳಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕರೆ ಗಿರಿಜಾ ವಿಜಯವಾಡದ ಮನೆ ಖಾಲಿ ಮಾಡುತ್ತಾಳೆ, ಮೂವರೂ ಒಂದೇ ಸೂರಿನಡಿ ಉಣ್ಣುತ್ತಾರೆ. ಸಿಗದಿದ್ದರೆ ಮಗಳು ಅಲ್ಲೇ ಸೇರುತ್ತಾಳೆ. ಇವನಿಗೆ ಇನ್ನೂ ಮೂರು ವರ್ಷ ಅಕ್ಕಿಯೇ ಗತಿ.

"ಸೀಟಿನ ವಿಷಯ ನನಗೆ ಬಿಡು," ಅಂತ ಹೆಂಡತಿಗೆ ಫೋನಿನಲ್ಲಿ ಗುಡುಗಿದ. "ರೀಜನಲ್ ಮ್ಯಾನೇಜರನ್ನ ಕುರ್ಚಿಯಿಂದ ಇಳಿಸಿ, ನೆಲದ ಮೇಲೆ ಕೂರಿಸಿ ಮಾತಾಡಿಸಿದೋನು ನಾನು. ಒಂದು ಕಾಲೇಜು ಯಾವ ಲೆಕ್ಕ?"

"ಅರ್ಜಿ ನೆಟ್ಟಗೆ ತುಂಬಿದ್ರಾ?" ಅಂದಳು ಗಿರಿಜಾ.

"ಅರ್ಜಿ ತುಂಬೋದನ್ನ ನೀನು ನನಗೆ ಹೇಳಿಕೊಡ್ತೀಯಾ?"

ಹೇಳಿಕೊಡಬೇಕಿತ್ತು.

ಕಾಲೇಜಿನಿಂದ ಮೊದಲ ಕಾರ್ಡು ಬಂತು. ಅನಸೂಯಾಳ ಅರ್ಜಿಯನ್ನು ಮುಂದಿನ ಪಟ್ಟಿಗೆ ಕಾಯ್ದಿರಿಸಲಾಗಿದೆ ಅಂತಿತ್ತು. ಅದರ ಕೆಳಗೆ ಇನ್ನೂ ಎರಡು ಸಾಲಿದ್ದವು. ಶಂಕರಪ್ಪ ಓದಲಿಲ್ಲ. ಆಡಳಿತದವರ ಪತ್ರದಲ್ಲಿ ಮೊದಲ ಸಾಲು ಮಾತ್ರ ಕಾಳು, ಉಳಿದದ್ದೆಲ್ಲ ಹೊಟ್ಟು ಅಂತ ಇಪ್ಪತ್ತು ವರ್ಷದ ಚಳವಳಿ ಅವನಿಗೆ ಕಲಿಸಿತ್ತು. ಅಂದೇ ಒಂದು ಮನವಿ ಪತ್ರ ಬರೆದು ರಿಜಿಸ್ಟರ್ ಮಾಡಿ ಕಳಿಸಿದ. ಎರಡನೇ ಕಾರ್ಡು ಬಂತು: ಮತ್ತೆ ಮುಂದಿನ ಪಟ್ಟಿಗೆ. ಇವನು ಎಚ್ಚರಿಕೆ ಪತ್ರ ಕಳಿಸಿದ. ಮೂರನೇ ಕಾರ್ಡು ಬಂತು: ಮುಂದಿನ ಮತ್ತು ಕೊನೆಯ ಪಟ್ಟಿಗೆ. ಇವನು ಅಂತಿಮ ಎಚ್ಚರಿಕೆ ಪತ್ರ ಕಳಿಸಿ ಗಿರಿಜಾಗೆ ಫೋನು ಮಾಡಿದ.

"ನಡುಗ್ತಾ ಇದಾರೆ ಕಣೇ. ಮುಂದಕ್ಕೆ ಹಾಕ್ತಾರೆ ಅಂದ್ರೆ ಹೆದರಿದಾರೆ ಅಂತ ಅರ್ಥ."

"ಇಲ್ಲಿಯ ಕಾಲೇಜಿಗೆ ಫೀಸು ಕಟ್ಟೋಕೆ ಸೋಮವಾರ ಕೊನೇ ದಿನ ಕಣ್ರೀ."

"ಸೋಮವಾರದೊಳಗೆ ಅವರನ್ನ ಮಂಡಿಯೂರಿಸ್ತೀನಿ. ನೀನು ಪಾತ್ರೆ ಪಗಡ ಕಟ್ಟು."

"ಒಂದ್ಸಲ ಒಳಗೆ ಹೋಗಿ ಯಾಕೆ ಏನು ಅಂತ ಕೇಳಬಾರದಾ?"

"ಬಾಗಿಲ ಮುಂದೆ ಕೂರೋದು ನಮ್ಮ ಪದ್ಧತಿ. ತಟ್ಟೋದಲ್ಲ."

ಸೋಮವಾರ ರಜೆ ಹಾಕಿ, ಕಾಲೇಜಿನ ಗೇಟಿನ ಮುಂದೆ ಕಂಬಳಿ ಹಾಸಿ ಕೂತ. ಕೊರಳಿಗೆ ರಟ್ಟು, ರಟ್ಟಿನ ಮೇಲೆ ತೆಲುಗಿನಲ್ಲಿ ನ್ಯಾಯ ಬೇಕು ಅಂತ ದಪ್ಪ ಅಕ್ಷರ, ಕೆಳಗೆ ತನ್ನ ಹೆಸರು. ಯೂನಿಯನ್ನಿನ ಗೆಳೆಯರಿಗೂ ಹೇಳಿ ಕಳಿಸಿದ್ದ. ಅವರು ನೈತಿಕ ಬೆಂಬಲ ಕೊಟ್ಟರು, ಅಂದರೆ ಬರಲಿಲ್ಲ.

ಆಗ ಒಂದು ತೊಡಕು ಎದುರಾಯಿತು. ಘೋಷಣೆ ಅನ್ನುವುದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬ ಕೂಗಬೇಕು, ನೂರು ಜನ ಉತ್ತರ ಕೊಡಬೇಕು. ಇಪ್ಪತ್ತು ವರ್ಷ ಕೂಗುವವನಾಗಿಯೇ ಇದ್ದ ಶಂಕರಪ್ಪನಿಗೆ, ಉತ್ತರ ಎಲ್ಲಿಂದ ಬರುತ್ತದೆ ಅಂತ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. "ಇಂಕ್ವಿಲಾಬ್" ಅಂದ. ರಸ್ತೆಯಾಚೆಯ ಸೋಡಾ ಅಂಗಡಿಯವನು ತಲೆಯೆತ್ತಿ ನೋಡಿ, ಮತ್ತೆ ಗೋಲಿ ಒತ್ತಿದ. ಸ್ವಲ್ಪ ಹೊತ್ತು ಕಾದು ಶಂಕರಪ್ಪ ತಾನೇ ದನಿ ಬದಲಿಸಿ "ಜಿಂದಾಬಾದ್" ಅಂದ. ಅರ್ಧ ಗಂಟೆ ಹೀಗೆ ತಾನೇ ನಾಯಕ, ತಾನೇ ಜನಸಾಗರವಾಗಿ ಗಂಟಲು ಹರಿದುಕೊಂಡ.

ಗೇಟಿನ ಕಾವಲುಗಾರ ದುರ್ಗಾಪ್ರಸಾದನಿಗೆ ನೋಡಲಾಗಲಿಲ್ಲ. ತನ್ನ ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡು ಬೀಡಿ ಹಚ್ಚಿದ.

"ಯಾರ ಮೇಲೆ ಸಾರ್ ಗಲಾಟೆ?"

"ನಿಮ್ಮ ಆಫೀಸಿನವರ ಮೇಲೆ."

"ಹಾಗಾದ್ರೆ ನೀವು ಅನ್ನಿ, ನಾನು ಅಂತೀನಿ. ನಂದೂ ಸ್ವಲ್ಪ ಇದೆ ಅವರ ಮೇಲೆ."

ತಮ್ಮ ಕಾವಲುಗಾರನೇ ಜಿಂದಾಬಾದ್ ಅನ್ನುವುದು ಕಿವಿಗೆ ಬಿದ್ದು, ಆಫೀಸ್ ಸೂಪರಿಂಟೆಂಡೆಂಟ್ ಕಾಮೇಶ್ವರ ರಾವು ಹೊರಗೆ ಬಂದರು. ಹಣೆಯ ಮೇಲೆ ಸಿಂಹಾಚಲದ ಗಂಧ, ಕೈಯಲ್ಲಿ ಒಂದು ಲೋಟ ಮಜ್ಜಿಗೆ. ಬಾಗಿ ರಟ್ಟಿನ ಮೇಲಿನ ಹೆಸರು ಓದಿಕೊಂಡು ತೆಲುಗಿನಲ್ಲಿ ಅಂದರು:

"ಶಂಕರಪ್ಪ ಗಾರೂ, ತಾವೇನಾ? ಒಳಗೆ ದಯಮಾಡಿಸಿ. ಒಂದು ತಿಂಗಳಿಂದ ತಮ್ಮ ದಾರಿ ಕಾಯ್ತಾ ಇದ್ದೀವಿ."

ಶಂಕರಪ್ಪನ ಎದೆ ಎರಡು ಗೇಣು ಉಬ್ಬಿತು. ಮಾತುಕತೆಗೆ ಕರೆ ಬಂತು, ಅಂದರೆ ಅರ್ಧ ಗೆದ್ದಂತೆ. "ನಾನು ಬರೋವರೆಗೂ ನಿಲ್ಲಿಸಬೇಡ," ಅಂತ ದುರ್ಗಾಪ್ರಸಾದನಿಗೆ ಅಪ್ಪಣೆ ಮಾಡಿ ಒಳಗೆ ನಡೆದ.

ಕಾಮೇಶ್ವರ ರಾವು ಫೈಲು ಬಿಚ್ಚಿದರು. ಅರ್ಜಿಯ ಕೊನೆಯ ಪುಟದಲ್ಲಿ ಪೋಷಕರ ಮುಚ್ಚಳಿಕೆ ಇತ್ತು: ನನ್ನ ಮಗಳು ಕಾಲೇಜಿನಲ್ಲಿ ಮುಷ್ಕರ, ಧರಣಿಗಳಲ್ಲಿ ಭಾಗವಹಿಸುವುದಿಲ್ಲ, ಅದಕ್ಕೆ ನಾನು ಜವಾಬ್ದಾರ. ಕೆಳಗೆ ಶಂಕರಪ್ಪನ ಸಹಿ. ಸಹಿಯ ಮೇಲೆ ಅಡ್ಡಡ್ಡಲಾಗಿ, ನೇರಳೆ ಶಾಯಿಯ ರಬ್ಬರ್ ಮುದ್ರೆ: ಅಂಡರ್ ಪ್ರೊಟೆಸ್ಟ್.

ಈ ಮುದ್ರೆಯ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಒಪ್ಪಿಗೆಯಿಲ್ಲದ ಆದೇಶ ಕೈಗೆ ಬಂದಾಗ ಬ್ಯಾಂಕಿನ ಯೂನಿಯನ್ ಮಂದಿ, ಪ್ರತಿಭಟಿಸುತ್ತಲೇ ತೆಗೆದುಕೊಂಡಿದ್ದೇನೆ ಅಂತ ಈ ಎರಡು ಪದ ಬರೆದು ಸಹಿ ಹಾಕುತ್ತಾರೆ. ಶಂಕರಪ್ಪನಿಗೆ ಬಂದ ಆದೇಶಗಳು ಎಷ್ಟೆಂದರೆ, ಕೈ ಸೋತು ಮುದ್ರೆಯನ್ನೇ ಮಾಡಿಸಿಕೊಂಡ. ಆಮೇಲೆ ಅದಕ್ಕೆ ಲಗಾಮಿರಲಿಲ್ಲ. ಹಾಲಿನ ಕಾರ್ಡು, ದೋಬಿ ಚೀಟಿ, ಮಗಳ ಪ್ರೋಗ್ರೆಸ್ ಕಾರ್ಡು, ಎಲ್ಲಿ ಸಹಿ ಬಿತ್ತೋ ಅಲ್ಲಿ ಮುದ್ರೆಯೂ ಬಿತ್ತು. ವಿಜಯವಾಡದ ಶಾಲೆಯ ಹೆಡ್‌ಮಿಸ್ಟ್ರೆಸ್ಸಿಗೆ ಇವನ ಪರಿಚಯವಿತ್ತು, ನಕ್ಕು ಸುಮ್ಮನಾಗುತ್ತಿದ್ದರು. ವಿಶಾಖಪಟ್ಟಣದಲ್ಲಿ ಇವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

"ತಮ್ಮ ಪ್ರತಿಭಟನೆ ಯಾರ ಮೇಲೆ ಅಂಡಿ?" ಕಾಮೇಶ್ವರ ರಾವು ಬಹಳ ಮರ್ಯಾದೆಯಿಂದ ಕೇಳಿದರು. "ಸೀಟು ಬೇಕು ಅಂದೋರೂ ತಾವೇ."

ಶಂಕರಪ್ಪನಿಗೆ ಅದನ್ನು ಒತ್ತಿದ ನೆನಪೂ ಇರಲಿಲ್ಲ.

"ಪ್ರಿನ್ಸಿಪಾಲರು, ಈ ತಂದೆ ಒಪ್ಪಿದಾರೋ ಇಲ್ಲವೋ ಕೇಳಿ ಅಂದ್ರು. ಹುಡುಗಿಯ ಮಾರ್ಕ್ಸು ಮೊದಲನೇ ಪಟ್ಟಿಗೇ ಸಾಕಾಗಿತ್ತು. ತಾವು ಖುದ್ದಾಗಿ ಬಂದು ಹೊಸ ಸಹಿ ಹಾಕಿದ್ರೆ ಸೀಟು ಅಂತ ಮೂರು ಕಾರ್ಡಲ್ಲೂ ಬರೆದ್ವಿ. ತಾವು ಬರಲಿಲ್ಲ. ಇವು ಬಂದ್ವು." ಮೂರು ಪತ್ರಗಳನ್ನು ಮೇಜಿನ ಮೇಲೆ ಹರಡಿದರು. ಮೂರರ ಮೇಲೂ ನೇರಳೆ ಮುದ್ರೆ. "ತಮ್ಮ ಎಚ್ಚರಿಕೆ ಪತ್ರಕ್ಕೆ ತಮಗೇ ಒಪ್ಪಿಗೆ ಇರಲಿಲ್ಲವಾ?"

ಹೊರಗಿನಿಂದ ದುರ್ಗಾಪ್ರಸಾದನ ಜಿಂದಾಬಾದ್ ಕೇಳಿಸುತ್ತಿತ್ತು. ಕೂಗುವವನಿಲ್ಲ, ಬರೀ ಉತ್ತರ.

ಹೊಸ ಮುಚ್ಚಳಿಕೆ ಮುಂದೆ ಬಂತು. ಮಗಳು ಧರಣಿ ಕೂರುವುದಿಲ್ಲ ಅಂತ ಬರೆದುಕೊಡಬೇಕು, ಅದೂ ಈಗ ತಾನೇ ಧರಣಿಯಿಂದ ಎದ್ದು ಬಂದವನು. ಲಾಠಿ ತಿಂದ ಬೆನ್ನು ಬೇಡ ಅಂತು. ಎರಡು ವರ್ಷ ಒಂದೇ ತಟ್ಟೆ ತೊಳೆದು ಒಂದೇ ತಟ್ಟೆ ಬೋರಲು ಹಾಕಿದ ಕೈ ಸಹಿ ಹಾಕಿತು. ಬರೀ ಸಹಿ. ಅದು ಎಷ್ಟು ಬೆತ್ತಲೆಯಾಗಿ ಕಂಡಿತೆಂದರೆ ಕಾಮೇಶ್ವರ ರಾವು ಮುಖ ಆಚೆ ತಿರುಗಿಸಿದರು.

"ಸೀಟು ತಮ್ಮದೇ," ಅಂದರು. "ಈ ವಾರದಲ್ಲಿ ಒರಿಜಿನಲ್ ಸರ್ಟಿಫಿಕೇಟ್ ತರಿಸಿಬಿಡಿ."

ಶಂಕರಪ್ಪ ಅಂಚೆ ಕಚೇರಿಗೆ ಓಡಿ, ಟ್ರಂಕ್ ಕಾಲ್ ಸಿಗದೆ ತಂತಿ ಕೊಟ್ಟ: ಸೀಟು ಸಿಕ್ಕಿತು, ಮನೆ ಖಾಲಿ ಮಾಡು. ಅಲ್ಲಿಂದ ಬಜಾರಿಗೆ ಹೋಗಿ ಎರಡು ಸ್ಟೀಲು ತಟ್ಟೆ ಕೊಂಡ. ಸಂಜೆ ಕೋಣೆಯ ಬೀಗ ತೆಗೆದರೆ, ಬಾಗಿಲ ಸಂದಿಯಿಂದ ತಳ್ಳಿದ ಇನ್ನೊಂದು ತಂತಿ ನೆಲದ ಮೇಲಿತ್ತು. ಇವನು ಕಂಬಳಿಯ ಮೇಲಿದ್ದಾಗ ಬಂದದ್ದು, ಗಿರಿಜಾ ಕೊಟ್ಟದ್ದು: ಇಲ್ಲೇ ಸೇರಿಸಿದೆ, ಹೋರಾಟ ನಿಲ್ಲಿಸಿ.

ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದ. ಚೀಲದಲ್ಲಿ ಆ ತಟ್ಟೆಗಳನ್ನು ಯಾಕೆ ಹೊತ್ತುಕೊಂಡು ಹೋದನೋ ಅವನಿಗೇ ಗೊತ್ತಿಲ್ಲ.

"ಮುಚ್ಚಳಿಕೆಗೆ ಸಹಿ ಹಾಕಿ ಸೀಟು ತಂದಿದೀನಿ. ನಡಿ, ಸರ್ಟಿಫಿಕೇಟು ವಾಪಸು ಇಸ್ಕೊಂಡು ಬರೋಣ," ಅಂದ ಚಪ್ಪಲಿ ಬಿಡುವ ಮೊದಲೇ.

"ಮೂರು ವರ್ಷದ ಫೀಸು ಒಟ್ಟಿಗೆ ಕಟ್ಟಿದ್ರೆ ಕೊಡ್ತಾರಂತೆ," ಅಂದಳು ಗಿರಿಜಾ. "ಕಟ್ತೀರಾ?"

"ಒಂದೇ ಒಂದು ದಿನ ತಡೀಬಾರದಿತ್ತಾ?"

"ಮೂರು ಪಟ್ಟಿ ತಡೆದೆ. ನಿನ್ನೆ ಮಧ್ಯಾಹ್ನಕ್ಕೆ ಕೌಂಟರ್ ಮುಚ್ತಿತ್ತು. ಆ ಸೀಟೂ ಇಲ್ಲ, ಈ ಸೀಟೂ ಇಲ್ಲ ಅಂದ್ರೆ ಮಗಳನ್ನ ನಿಮ್ಮ ಪಕ್ಕ ಕಂಬಳಿ ಮೇಲೆ ಕೂರಿಸ್ಲಾ?"

"ಮುಚ್ಚಳಿಕೆ ಇತ್ತಾ ಅಲ್ಲೂ?"

"ಇತ್ತು. ನಾನೇ ಸೈನು ಹಾಕ್ದೆ."

"ಏನು ಬರೆದಿತ್ತು ಅಂತ ಓದಿದ್ಯೇನೆ?"

"ಮಗಳು ಧರಣಿ ಕೂರಲ್ಲ ಅಂತ. ಅಪ್ಪನ ಬಗ್ಗೆ ಏನೂ ಕೇಳಿರಲಿಲ್ಲ. ಅದಕ್ಕೆ ಧೈರ್ಯವಾಗಿ ಹಾಕ್ದೆ."

ಅನಸೂಯಾ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳ ಕನ್ನಡಕ್ಕೆ ಆಗಲೇ ಅರ್ಧ ತೆಲುಗು ಹತ್ತಿತ್ತು.

"ನಾನ್ನಾ, ನೀವೇ ಇಲ್ಲಿಗೆ ಬಂದ್ರೆ ಆಗಲ್ವಾ? ಒಂದು ರಿಕ್ವೆಸ್ಟ್ ಬರೆದ್ರೆ ಟ್ರಾನ್ಸ್‌ಫರ್ ಕೊಡ್ತಾರಂತೆ."

ಎರಡು ವರ್ಷ ಗಿರಿಜಾ ಇದನ್ನೇ ಹೇಳಿ ಹೇಳಿ ಕೈಬಿಟ್ಟಿದ್ದಳು. ಶಂಕರಪ್ಪ ಆಗ ಕೊಡುತ್ತಿದ್ದ ಉತ್ತರವನ್ನೇ ಈಗಲೂ ಕೊಟ್ಟ: "ನನ್ನನ್ನ ಎತ್ತಿ ಹಾಕಿದೋರ ಮುಂದೆ ನಾನು ಕೈಯೊಡ್ಡಲ್ಲ."

"ನಿನ್ನೆ ಕಾಲೇಜಿನೋರ ಮುಂದೆ ಒಡ್ಡಿದ್ರಲ್ಲ?" ಅಂದಳು ಅನಸೂಯಾ.

"ಅದು ಬೇರೆ."

"ಹೆಂಗೆ ಬೇರೆ?"

ಮಗಳು ಹೋಗಿ ಒಂದು ಬಿಳಿ ಹಾಳೆ ತಂದು ಮುಂದಿಟ್ಟಳು. ಕುಟುಂಬದ ಕಾರಣದಿಂದ ದಯಮಾಡಿ ವಿಜಯವಾಡಕ್ಕೆ ವರ್ಗಾಯಿಸಬೇಕು ಅಂತ ಶಂಕರಪ್ಪ ಬರೆದ. ದಯಮಾಡಿ ಅನ್ನುವ ಒಂದು ಪದಕ್ಕೆ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ಗಿರಿಜಾ ಅಡುಗೆಮನೆಯಿಂದ ಈಚೆ ಬರಲಿಲ್ಲ.

ಆಗಸ್ಟಿನಲ್ಲಿ ಬ್ಯಾಂಕಿನ ಉತ್ತರ ವಿಶಾಖಪಟ್ಟಣದ ಕೋಣೆಗೆ ಬಂತು. ಅರ್ಜಿಯನ್ನು ಮುಂದಿನ ವರ್ಷದ ಪಟ್ಟಿಗೆ ಕಾಯ್ದಿರಿಸಲಾಗಿದೆ. ವಿಜಯವಾಡದಲ್ಲಿ ಖಾಲಿ ಜಾಗವಿಲ್ಲ. ಅಲ್ಲಿನ ಗುಮಾಸ್ತರೊಬ್ಬರು ಇಲ್ಲಿಗೆ ಬರಲು ತಾವಾಗಿ ಒಪ್ಪಿ ಬರೆದುಕೊಟ್ಟರೆ ಮಾತ್ರ ಅದಲುಬದಲು ಮಾಡಬಹುದು.

ಆದ್ದರಿಂದ, ಇದನ್ನು ಓದುತ್ತಿರುವವರಲ್ಲಿ ವಿಜಯವಾಡದ ಬ್ಯಾಂಕ್ ಗುಮಾಸ್ತರು ಯಾರಾದರೂ ಇದ್ದರೆ, ನಕ್ಕು ಪುಟ ತಿರುಗಿಸಬೇಡಿ. ಮೇ ತಿಂಗಳಲ್ಲಿ ನಿಮ್ಮ ಊರು ಹೇಗೆ ಬೇಯುತ್ತದೆ ಅಂತ ನಿಮಗೇ ಗೊತ್ತು. ಇಲ್ಲಿ ಸಂಜೆಗೆ ಗಾಳಿ ಇದೆ. ತಿನ್ನುವವರಾದರೆ ಪಕ್ಕದ ಭೀಮುನಿಪಟ್ಟಣದಿಂದ ತಾಜಾ ಮೀನು ಬರುತ್ತದೆ. ಕೋಣೆಯ ಬಾಡಿಗೆ ಕಡಿಮೆ, ಬಾವಿಯ ನೀರು ಸಿಹಿ. ನಿಮ್ಮ ಮನೆಯಲ್ಲಿ ನಿಮಗಾಗಿ ಅನ್ನ ಮುಚ್ಚಿಟ್ಟು ಕಾಯುವವರು ಯಾರೂ ಇಲ್ಲದಿದ್ದರೆ, ಅಲ್ಲಿ ಕೂತು ಇನ್ನೊಬ್ಬನ ಜಾಗ ಯಾಕೆ ಹಿಡಿದುಕೊಂಡಿದ್ದೀರಿ? ಏಳಿ, ಒಂದು ಹಾಳೆ ತೆಗೆದುಕೊಳ್ಳಿ, ಒಪ್ಪಿಗೆ ಬರೆದು ಕಳಿಸಿ. ಮುಂದಿನ ವಾರ ಅಲ್ಲ, ಇವತ್ತು.