ಅತ್ತಿಗೆಯ ಮುದ್ದೆಯ ಸಾಂದ್ರತೆ

ಹೊಸದಾಗಿ ಸೈಕಲ್ ಕಲಿತವನಿಗೂ ಹೊಸದಾಗಿ ವಿಜ್ಞಾನ ಕಲಿತವನಿಗೂ ಒಂದೇ ರೋಗ, ಒಂದು ಕಡೆ ಸುಮ್ಮನೆ ಕೂರುವುದಕ್ಕಾಗುವುದಿಲ್ಲ. ಮಂಡ್ಯದ ಸಂತೆಯಲ್ಲಿ ರಟ್ಟು ಹರಿದ ಪುಸ್ತಕವೊಂದನ್ನು ಕೊಂಡು ತಂದ ಮೇಲೆ ನನಗೂ ಅದು ಹತ್ತಿತು. ನೀರು ತುಂಬಿದ ತಪ್ಪಲೆಯಲ್ಲಿ ಅಂಕುಡೊಂಕು ವಸ್ತುವನ್ನು ಮುಳುಗಿಸಿ, ಚೆಲ್ಲಿದ ನೀರನ್ನು ಅಳೆದರೆ ಅದೇ ಗಾತ್ರವಂತೆ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಬೆಲ್ಲ ತೂಗುವ ತಕ್ಕಡಿ ಮನೆಯಲ್ಲೇ ಇತ್ತು. ನೀರಿನ ಅಳತೆಗೆ ಅಪ್ಪನ ಕೆಮ್ಮಿನ ಔಷಧದ ಬಾಟಲಿ. ಅದರ ಮೇಲೆ ಒಂದೊಂದು ಹೊತ್ತಿನ ಔಷಧಕ್ಕೂ ಒಂದೊಂದು ಗೆರೆ ಎಳೆದ ಚೀಟಿ ಅಂಟಿಸಿದ್ದರಿಂದ ನಮ್ಮ ಹಿತ್ತಿಲ ಕಲ್ಲಿನ ಗಾತ್ರ ‘ಎರಡು ಹೊತ್ತಿನ ಔಷಧ’ ಎಂದಾಗುತ್ತಿತ್ತು. ಆಲೂಗಡ್ಡೆ, ಬೀಗ, ಕೊನೆಗೆ ಮದ್ದೂರಿನಿಂದ ತಂದ ವಡೆಯನ್ನೂ ಮುಳುಗಿಸಿದೆ. ವಡೆ ನೀರಿನ ಮೇಲೆಲ್ಲ ಎಣ್ಣೆ ಬಿಟ್ಟಿತು. “ನಾಳೀಕೆ ಎಮ್ಮೆನೂ ಮುಳುಗುಸ್ತಾನೆ ಕಣೇ ಇವನು,” ಎಂದು ಅಪ್ಪ ಅವ್ವನಿಗೆ ಹೇಳಿದ.

ಆ ಹೊತ್ತಿಗೆ ಅಣ್ಣನ ಮದುವೆಯಾಗಿ ಮಳವಳ್ಳಿಯಿಂದ ಅತ್ತಿಗೆ ಬಂದಿದ್ದಳು. ಪಾಪ, ಅವಳ ಕೈಗೆ ನಮ್ಮ ಮನೆಯ ದೊಡ್ಡ ಮಡಕೆಯೂ ಹಿಟ್ಟಿನ ಕೋಲೂ ಒಗ್ಗಲಿಲ್ಲ. ಮೊದಲ ದಿನದ ಮುದ್ದೆಯನ್ನು ಅಪ್ಪ ಬೆರಳಲ್ಲಿ ಒತ್ತಿ ನೋಡಿ, “ಇದೇನವ್ವ, ಗುಂಡುಕಲ್ಲು?” ಎಂದ. ಅವ್ವ ದಿನವೂ ಅದನ್ನೇ ಹಾಡತೊಡಗಿದಳು. ಅತ್ತಿಗೆ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತ, “ಆಸಾಡಕ್ಕೆ ತೌರಿಗೆ ಓದ್ರೆ ತಿರುಗಾ ಬರಾಕಿಲ್ಲ ನಾನು,” ಎಂದಳು. ಹೊಗೆಗೆ ಬಂದ ಕಣ್ಣೀರಲ್ಲ ಅದು. ಅವಳ ಮಾನ ಉಳಿಸುವುದು ವಿಜ್ಞಾನದ ಕೆಲಸ ಎಂದು ನಾನು ತೀರ್ಮಾನಿಸಿದೆ.

ಅವ್ವ ಕಟ್ಟಿದ ಮುದ್ದೆ ಒಂದು, ಅತ್ತಿಗೆ ಕಟ್ಟಿದ್ದು ಒಂದು. ಎರಡನ್ನೂ ತೂಗಿದೆ, ಮುಳುಗಿಸಿದೆ, ಚೆಲ್ಲಿದ ನೀರನ್ನು ಬಾಟಲಿಗೆ ಬಸಿದೆ. ಅತ್ತಿಗೆಯ ಮುದ್ದೆಯೊಳಗೆ ಗಂಟೂ ಗಾಳಿಯೂ ಇದ್ದದ್ದರಿಂದ ಸಾಂದ್ರತೆ ಕಡಿಮೆ ಬಂತು! ನಡುಮನೆಯಲ್ಲಿ ನಿಂತು ಸಾರಿದೆ: “ಅತ್ತಿಗೆ ಮುದ್ದೆ ಹಗುರ. ಕಲ್ಲಿಗೆ ಹತ್ತಿರ ಇರೋದು ಅವ್ವನ ಮುದ್ದೆಯೇ!” ಗಟ್ಟಿ ಬೇರೆ, ಸಾಂದ್ರತೆ ಬೇರೆ ಎಂಬ ಪಾಠ ಪುಸ್ತಕದ ಹರಿದ ಪುಟದಲ್ಲಿತ್ತೋ ಏನೋ.



“ಏನಂದೆ? ನನ್ ಮುದ್ದೆ ಕಲ್ಲಾ? ಉಟ್ಟಿದಾಗಿಂದ ನುಂಗಿದ್ಯಲ್ಲ, ಯಾವತ್ ಗಂಟ್ಲಲ್ಲಿ ಸಿಕ್ಕಾಕೊಂತ್ಲಾ?” ಎಂದು ಅವ್ವ ಎದ್ದಳು. ಅತ್ತಿಗೆಯಾದರೂ ನನ್ನ ಕಡೆ ನಿಲ್ಲುವಳೆಂದು ನೋಡಿದೆ. ಅವಳು ಸೆರಗು ಸಿಕ್ಕಿಸಿ, “ಅತ್ತೇರ್ ಮುದ್ದೇನ ಅಂಗನ್ಬೋದಾ? ಉಣ್ಣೋ ಅನ್ನಾನ ಯಾರಾದ್ರೂ ನೀರಿಗಾಕ್ತಾರಾ?” ಎಂದಳು.

“ಕೇಳ್ಸ್ಕೊಂಡ್ಯಾ? ಎಣ್ಮಗ್ಳಿಗಿರೋ ಬುದ್ಧಿ ನಿಂಗಿಲ್ಲ,” ಎಂದ ಅವ್ವ ಅವಳ ಕೈ ಹಿಡಿದಳು. “ಬಾರವ್ವ, ಈ ಮುಂಡೇದ್ರ ಮಾತ್ ಬುಡು. ಕೋಲ್ನ ಇಂಗ್ ಇಡ್ಕೊ. ಹ್ಞಾ, ಇನ್ನೊಸಿ ಒತ್ತಿ ತಿರುವು.” ಅಷ್ಟು ದಿನ ಬರೀ ಬೈದಿದ್ದ ಅವ್ವ ಅಂದು ಮೊದಲ ಸಲ ಕಲಿಸಿದಳು. ಅತ್ತಿಗೆ ಆಷಾಢಕ್ಕೆ ಹೋದಳು, ಶ್ರಾವಣಕ್ಕೆ ನಗುನಗುತ್ತ ಬಂದಳು.

ಆದರೆ ಪ್ರಯೋಗದ ದಿನ ರಾತ್ರಿ ಎಲ್ಲರ ತಟ್ಟೆಗೂ ಬಿಸಿ ಮುದ್ದೆ ಬಿದ್ದರೆ ನನ್ನ ತಟ್ಟೆಗೆ ನೀರಲ್ಲಿ ಮುಳುಗೆದ್ದ ಆ ಎರಡು ತಣ್ಣನೆಯ ಮುದ್ದೆಗಳು ಬಂದವು. ಅತ್ತೆ ಸೊಸೆ ಇಬ್ಬರೂ ಎದುರಿಗೇ ಕುಳಿತರು. ಎರಡನ್ನೂ ನುಂಗುವವರೆಗೆ ಯಾರೂ ಏಳಲಿಲ್ಲ.

“ಈಗೇಳು, ಯಾವ್ದು ಬಾರ?” ಎಂದಳು ಅವ್ವ.

“ಎರಡೂ ಸಮ,” ಎಂದೆ. ಬೇಕೆಂದೇ ನಾನು ತಪ್ಪು ಉತ್ತರ ಕೊಟ್ಟ ಪ್ರಯೋಗ ಅದೊಂದೇ.